ಮೋಯಾರು: ಗಡಿಯಾಗುವ ಮೊದಲು ದಾರಿಯಾಗಿದ್ದ ನದಿ

ಭೂಪಟದಲ್ಲಿ ಮೋಯಾರು ಒಂದು ಸಣ್ಣ ನೀಲಿಗೆರೆ. ನೀಲಗಿರಿಯ ಉತ್ತರದ ಇಳಿಜಾರಿಗೆ ಒತ್ತಿಕೊಂಡು ಹರಿದು, ಒಂದಷ್ಟು ದೂರ ಕರ್ನಾಟಕಕ್ಕೂ ತಮಿಳುನಾಡಿಗೂ ಎಲ್ಲೆಯಾಗಿ ನಿಂತು, ಕೊನೆಗೆ ಭವಾನಿಸಾಗರದ ಜಲರಾಶಿಯಲ್ಲಿ ಸೇರಿಹೋಗುವ ಈ ನದಿಯ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಅಪರೂಪ. ಇದರ ದಡದಲ್ಲಿ ದೊಡ್ಡ ಪಟ್ಟಣವಿಲ್ಲ, ಪ್ರಸಿದ್ಧ ತೀರ್ಥಕ್ಷೇತ್ರವಿಲ್ಲ. ಉದಕಮಂಡಲಕ್ಕೆ ಹೋಗುವ ಪ್ರವಾಸಿಗರು ತೆಪ್ಪಕಾಡಿನ ಸೇತುವೆಯ ಮೇಲೆ ಅರೆಕ್ಷಣದಲ್ಲಿ ಇದನ್ನು ದಾಟಿಬಿಡುತ್ತಾರೆ. ಆದರೆ ನೀಲಗಿರಿ, ತಾಳವಾಡಿ, ಚಾಮರಾಜನಗರ ಸೀಮೆಗಳ ಕನ್ನಡ ಚರಿತ್ರೆಯನ್ನು ಕುರಿತು ಯೋಚಿಸುವ ಯಾರೇ ಆಗಲಿ ಈ ಕಣಿವೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಒಂಬೈನೂರು ವರ್ಷಗಳಿಂದ ಸೈನ್ಯಗಳೂ ವಲಸೆಗಾರರೂ ದನಗಾಹಿಗಳೂ ವರ್ತಕರೂ ಮೈಸೂರು ಪ್ರಸ್ಥಭೂಮಿಗೂ ಕೊಂಗುನಾಡಿಗೂ ನೀಲಗಿರಿಯ ಎತ್ತರಕ್ಕೂ ನಡುವೆ ಓಡಾಡಿದ್ದು ಈ ಕಣಿವೆಯ ಮೂಲಕವೇ. ಇಂದು ಗಡಿಯಾಗಿ ಕಾಣುವ ಈ ನದಿ ಬಹುಕಾಲ ದಾರಿಯಾಗಿತ್ತು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ನದಿಯ ಹಾದಿ

ಮೋಯಾರಿಗೆ ಎರಡು ಹೆಸರು, ಎರಡು ಸ್ವಭಾವ. ನೀಲಗಿರಿಯ ಪಶ್ಚಿಮದ ಅಂಚಿನಲ್ಲಿ, 2,554 ಮೀಟರ್ ಎತ್ತರದ ಮುಕುರ್ತಿ ಶಿಖರದ ಸುತ್ತಣ ಹುಲ್ಲುಗಾವಲು ಮತ್ತು ಶೋಲಾ ಕಾಡುಗಳಲ್ಲಿ ಹುಟ್ಟುವಾಗ ಇದು ಪೈಕಾರ. ತೋಡರಿಗೆ ಪವಿತ್ರವಾದ ಈ ಹೊಳೆ ಉತ್ತರಕ್ಕೆ ಹರಿದು, ಜಲಪಾತಗಳಾಗಿ ಧುಮುಕಿ, ಮುದುಮಲೆಯ ಕಾಡನ್ನು ಸೇರುತ್ತದೆ. ಕೆಳಗಿಳಿದ ಮೇಲೆ ಇದರ ಹೆಸರು ಮೋಯಾರು. ತಮಿಳಿನಲ್ಲಿ ಮಾಯಾರು ಎಂದೂ ಬರೆಯುತ್ತಾರೆ. ತೆಪ್ಪಕಾಡನ್ನು ದಾಟಿ ಪೂರ್ವಕ್ಕೆ ತಿರುಗಿದ ನದಿ ಮೋಯಾರು ಗ್ರಾಮದ ಬಳಿ ಒಮ್ಮೆಲೇ ಆಳವಾದ ಕಮರಿಗೆ ಬೀಳುತ್ತದೆ. ಸುಮಾರು ಇಪ್ಪತ್ತು ಕಿಲೋಮೀಟರ್ ಉದ್ದದ ಈ ಕಮರಿ ಕೆಲವೆಡೆ 200 ಮೀಟರಿಗೂ ಹೆಚ್ಚು ಆಳವಾಗಿದೆ. ಬ್ರಿಟಿಷ್ ಅಧಿಕಾರಿಗಳು ಇದನ್ನು ‘ಮೈಸೂರು ಡಿಚ್’, ಅಂದರೆ ಮೈಸೂರು ಕಂದಕ, ಎಂದು ಕರೆದರು. ಕಂದಕವೆಂದರೆ ಕೋಟೆಯ ಹೊರಗೆ ಶತ್ರುವನ್ನು ತಡೆಯಲು ತೋಡಿದ ಹಳ್ಳ. ಹೆಸರಿಟ್ಟವರ ಕಣ್ಣಿಗೆ ಈ ನದಿ ಮೈಸೂರನ್ನು ಆಚೆ ನಿಲ್ಲಿಸುವ ಅಡ್ಡಿಯಾಗಿಯೇ ಕಂಡಿತ್ತು.

ಕಮರಿಯ ಉತ್ತರಕ್ಕೆ ಬಂಡೀಪುರದ ಕಾಡು. ದಕ್ಷಿಣಕ್ಕೆ ಸುಮಾರು 900 ಮೀಟರ್ ಎತ್ತರದ ಸೀಗೂರು ಪ್ರಸ್ಥಭೂಮಿ. ಇನ್ನೂ ಪೂರ್ವಕ್ಕೆ ಹೋದಂತೆ ಕಣಿವೆ ಅಗಲವಾಗುತ್ತದೆ. ಉತ್ತರದಲ್ಲಿ ತಾಳವಾಡಿಯ ಕಡೆಯ ತಲಮಲೆ ಬೆಟ್ಟಗಳು, ದಕ್ಷಿಣದಲ್ಲಿ ಕೋತಗಿರಿಯ ಕಡಿದಾದ ಗೋಡೆ, ನಡುವೆ ಕುರುಚಲು ಕಾಡಿನ ಬಯಲು. ಭವಾನಿಸಾಗರದ ಹತ್ತಿರ ನದಿಯ ಮಟ್ಟ 300 ಮೀಟರಿಗಿಂತ ಕೆಳಗೆ ಇಳಿದಿರುತ್ತದೆ. ಮುಕುರ್ತಿಯ ಕಡೆ ನೈಋತ್ಯ ಮಾರುತ ಧಾರಾಕಾರವಾಗಿ ಸುರಿದರೆ, ಈ ಕಣಿವೆ ನೀಲಗಿರಿಯ ಮಳೆನೆರಳಿನಲ್ಲಿ ಒಣಗಿರುತ್ತದೆ. ಸುತ್ತಲೂ ಮುಳ್ಳುಗಿಡ, ನಡುವೆ ಬೇಸಗೆಯಲ್ಲೂ ಬತ್ತದ ನೀರು: ಕಣಿವೆಯ ಮನುಷ್ಯ ಚರಿತ್ರೆಗೂ ಪ್ರಾಣಿ ಚರಿತ್ರೆಗೂ ಈ ವೈಪರೀತ್ಯವೇ ಮೂಲ. ನೀರಿದ್ದಲ್ಲಿ ದಾರಿ ಹುಟ್ಟಿತು. ಆದರೆ ಮಲೇರಿಯಾ ಜ್ವರದ ಭಯದಿಂದ ದಾರಿಯ ಪಕ್ಕದಲ್ಲಿ ದೊಡ್ಡ ಊರುಗಳು ಬೆಳೆಯಲಿಲ್ಲ.

ಹೆಸರುಗಳು ಹೇಳುವ ಕಥೆ

ಕಣಿವೆಯ ಹೆಸರುಗಳನ್ನು ಒಮ್ಮೆ ಸಾಲಾಗಿ ಓದಿನೋಡಬೇಕು. ಕಕ್ಕನಹಳ್ಳ, ಮಾವನಹಳ್ಳ, ಕೇದಾರಹಳ್ಳ, ಅವರಹಳ್ಳ, ಕಲ್ಲಹಟ್ಟಿ, ಗಜಲಹಟ್ಟಿ, ಆನೆಕಟ್ಟಿ, ಬೊಕ್ಕಾಪುರ, ಸಿರಿಯೂರು, ಜಗಳಿಕಡವು, ಹಳ್ಳಿಮೋಯಾರು, ತೆಂಗುಮರಹಾಡ. ಇವುಗಳಲ್ಲಿ ಬಹುಪಾಲು ಇಂದು ತಮಿಳುನಾಡಿನ ಕಂದಾಯ ದಾಖಲೆಗಳಲ್ಲಿರುವ ಹೆಸರುಗಳು. ಅವುಗಳ ಅರ್ಥ ತಿಳಿಯಲು ಕನ್ನಡಿಗನಿಗೆ ನಿಘಂಟು ಬೇಕಿಲ್ಲ. ಹರಿಯುವ ಸಣ್ಣ ತೊರೆಗೆ ಹಳ್ಳ, ದನಗಾಹಿಗಳ ನೆಲೆಗೆ ಹಟ್ಟಿ, ನದಿಯನ್ನು ದಾಟುವ ಜಾಗಕ್ಕೆ ಕಡವು ಎನ್ನುವ ಮಾತುಗಳು ಗುಂಡ್ಲುಪೇಟೆಯಲ್ಲೂ ಇವೆ, ಮಸಣಿಗುಡಿಯಲ್ಲೂ ಇವೆ.

ಈ ಹೆಸರುಗಳಲ್ಲಿ ಕಾಲದ ಗುರುತೂ ಇದೆ. ಹಳಗನ್ನಡದಲ್ಲಿ ಪದದ ಮೊದಲಿಗೆ ಬರುತ್ತಿದ್ದ ಪಕಾರವು ಹತ್ತನೆಯ ಶತಮಾನದ ಸುಮಾರಿನಿಂದ ಮೆಲ್ಲಮೆಲ್ಲನೆ ಹಕಾರವಾಗಿ ಮಾರ್ಪಟ್ಟಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳ ಹಳ್ಳವಾಯಿತು. ತಮಿಳಿನಲ್ಲಿ ಆ ಬದಲಾವಣೆ ಆಗಲಿಲ್ಲ; ಅಲ್ಲಿ ಇಂದಿಗೂ ಪಾಲ್, ಪುಲಿ, ಪಳ್ಳಂ. ಹೀಗಿರುವಾಗ ನೀಲಗಿರಿಯ ಬುಡದಲ್ಲಿ ‘ಹಳ್ಳ’ ‘ಹಟ್ಟಿ’ ಎಂಬ ಹಕಾರದ ಹೆಸರುಗಳು ನೆಲೆಸಿವೆಯೆಂದರೆ, ಆ ಬದಲಾವಣೆ ನಡೆದ ಬಳಿಕವೂ ಇಲ್ಲಿ ಕನ್ನಡದ ಬಾಯಿಗಳು ಇದ್ದವು, ಉತ್ತರದ ಬಯಲಿನೊಂದಿಗೆ ಅವುಗಳ ಸಂಬಂಧ ಕಡಿದಿರಲಿಲ್ಲ ಎಂದರ್ಥ. ಶಾಸನವಿಲ್ಲದ ಕಡೆ ಊರಿನ ಹೆಸರೇ ಶಾಸನದ ಕೆಲಸ ಮಾಡುತ್ತದೆ.

ಪುಣಿಸನಿಂದ ದಣಾಯಕರವರೆಗೆ

ಬರೆದಿಟ್ಟ ಚರಿತ್ರೆಯಲ್ಲಿ ನೀಲಗಿರಿಯ ಹೆಸರು ಮೊದಲು ಸ್ಪಷ್ಟವಾಗಿ ಕಾಣಿಸುವುದು ಕನ್ನಡ ಶಾಸನದಲ್ಲಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ಜೈನ ಧರ್ಮಾನುಯಾಯಿ. ಚಾಮರಾಜನಗರದ ಪಾರ್ಶ್ವನಾಥ ಬಸದಿಯ 1117ರ ಶಾಸನ ಅವನ ಪರಾಕ್ರಮವನ್ನು ವರ್ಣಿಸುವಾಗ, ಅವನು ತೋಡರನ್ನು ಬೆದರಿಸಿದ್ದನ್ನೂ ಕೊಂಗರನ್ನು ಓಡಿಸಿದ್ದನ್ನೂ ನೀಲಾದ್ರಿಯನ್ನು ವಶಪಡಿಸಿಕೊಂಡದ್ದನ್ನೂ ಹೇಳುತ್ತದೆ. ಪ್ರಶಸ್ತಿಗಳಲ್ಲಿ ಉತ್ಪ್ರೇಕ್ಷೆ ಸಹಜ. ಆದರೂ ತೋಡರೆಂಬ ಜನರ ಹೆಸರನ್ನು ಕಲ್ಲಿನ ಮೇಲೆ ಕಾಣುವುದು ಇಲ್ಲಿಯೇ ಮೊದಲು. ಚಾಮರಾಜನಗರದ ಬಯಲಿನಿಂದ ನೀಲಗಿರಿಯ ಮೇಲಕ್ಕೆ ಸೇನೆ ಹತ್ತಬೇಕಾದರೆ ನಡುವೆ ಮೋಯಾರನ್ನು ದಾಟದೆ ಗತ್ಯಂತರವಿಲ್ಲ. ನದಿಯ ಹೆಸರನ್ನು ಶಾಸನಕಾರ ಹೇಳದಿದ್ದರೂ ಸೇನೆಯ ಹೆಜ್ಜೆಗಳು ಅದರ ದಡದಲ್ಲಿ ಬಿದ್ದಿರಲೇಬೇಕು.

ಇದಾಗಿ ಸುಮಾರು ನೂರೈವತ್ತು ವರ್ಷಗಳ ಬಳಿಕ, ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ, ಪೆರುಮಾಳೆ ದಂಡನಾಯಕನೆಂಬ ಪ್ರಭಾವಿ ಮಂತ್ರಿಯನ್ನು ಕಾಣುತ್ತೇವೆ. ಅವನ ಮಗ ಮಾಧವ ದಂಡನಾಯಕ ಮತ್ತು ಅವನ ವಂಶಜರು ಮೂರನೆಯ ಬಲ್ಲಾಳನ ಕಾಲದಲ್ಲಿ ತೆರಕಣಾಂಬಿಯನ್ನು ಕೇಂದ್ರವಾಗಿಟ್ಟುಕೊಂಡು ಈ ಸೀಮೆಯನ್ನು ಆಳಿದರು. ನೀಲಗಿರಿಯನ್ನು ಗೆದ್ದವರೆಂಬ ಅರ್ಥದ ಬಿರುದು ಈ ಮನೆತನದ ಹೆಸರಿನೊಡನೆ ಬರುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇಗುಲವನ್ನು 1315ರಲ್ಲಿ ಕಟ್ಟಿಸಿದವನು ಮಾಧವ ದಂಡನಾಯಕನೇ ಎಂದು ಪ್ರತೀತಿ. ಮೋಯಾರು ಭವಾನಿಯನ್ನು ಕೂಡುವ ಸ್ಥಳದ ಹತ್ತಿರ ಎದ್ದ ಕೋಟೆಗೂ ಈ ದಂಡನಾಯಕರಿಂದಲೇ ಹೆಸರು ಬಂತು: ದಣಾಯಕನ ಕೋಟೆ.

ಈ ಎರಡು ಗುರುತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕಣಿವೆಯ ಮಹತ್ವ ತಿಳಿಯುತ್ತದೆ. ಗೋಪಾಲಸ್ವಾಮಿ ಬೆಟ್ಟ ಕಣಿವೆಯ ವಾಯವ್ಯದ ಎತ್ತರದಲ್ಲಿದೆ. ದಣಾಯಕನ ಕೋಟೆ ಅದರ ಪೂರ್ವದ ಬಾಗಿಲಲ್ಲಿತ್ತು. ಒಂದು ಮೈಸೂರಿನ ಕಡೆಯ ಬಯಲನ್ನು ನೋಡುತ್ತಿತ್ತು, ಇನ್ನೊಂದು ಕೊಂಗುನಾಡನ್ನು. ಎರಡನ್ನೂ ಒಂದೇ ಮನೆತನ ಹಿಡಿದಿತ್ತು. ಮುಂದೆ ಉಮ್ಮತ್ತೂರಿನ ಅರಸರು, ವಿಜಯನಗರದವರು, ಹದಿನೇಳನೆಯ ಶತಮಾನದಲ್ಲಿ ಮೈಸೂರು ಒಡೆಯರು, ಆಮೇಲೆ ಹೈದರ್ ಮತ್ತು ಟಿಪ್ಪು, ಹೀಗೆ ಒಡೆತನ ಬದಲಾಯಿತು. ನೀಲಗಿರಿಯ ಮೇಲಿನ ಹಟ್ಟಿಗಳ ಕಂದಾಯ ಮಾತ್ರ ಬಹುಕಾಲ ದಣಾಯಕನ ಕೋಟೆಯ ಆಡಳಿತಕ್ಕೇ ಸೇರಿತ್ತು. ಬೆಟ್ಟದ ರಾಜಧಾನಿ ಬೆಟ್ಟದ ಬುಡದಲ್ಲಿ, ಎರಡು ನದಿಗಳ ನಡುವೆ ಇತ್ತು.

ಕಣಿವೆ ದಾಟಿದವರು

ಸೇನೆಗಳಿಗಿಂತ ಗಾಢವಾದ ಗುರುತನ್ನು ಬಿಟ್ಟವರು ಸಾಮಾನ್ಯ ಜನ. ‘ಬಡಗ’ ಎಂದರೆ ಉತ್ತರದಿಕ್ಕಿನವನು. ನೀಲಗಿರಿಯ ಬಡಗರು ತಮ್ಮ ಪೂರ್ವಿಕರು ಮೈಸೂರು ಸೀಮೆಯಿಂದ ಬಂದರೆಂದು ಹೇಳಿಕೊಳ್ಳುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದ ಜನಾಂಗ ವಿವರಣೆಗಳಲ್ಲಿ ದಾಖಲಾದ ಒಂದು ಐತಿಹ್ಯ ಹೀಗಿದೆ: ತಲಮಲೆ ಬೆಟ್ಟಗಳಲ್ಲಿ ಏಳು ಮಂದಿ ಅಣ್ಣತಮ್ಮಂದಿರು ತಂಗಿಯರೊಡನೆ ಬಾಳುತ್ತಿದ್ದರು, ಒಬ್ಬ ಅರಸ ಆ ಮನೆಯ ಹೆಣ್ಣಿನ ಮೇಲೆ ಕಣ್ಣಿಟ್ಟಾಗ, ಮಾನ ಕಾಪಾಡಿಕೊಳ್ಳಲು ಎಲ್ಲರೂ ಊರು ಬಿಟ್ಟು ನೀಲಗಿರಿಯ ಬೆತ್ತಲಹಾಡದ ಬಳಿ ಬಂದು ನೆಲೆಸಿದರು. ತಲಮಲೆ ಇರುವುದು ಮೋಯಾರಿನ ಉತ್ತರ ದಡದ ಮೇಲೆ, ಇಂದಿನ ತಾಳವಾಡಿ ಸೀಮೆಗೆ ಹೊಂದಿಕೊಂಡು. ಕಥೆಯ ಪಾತ್ರಗಳು ಚಾರಿತ್ರಿಕವೋ ಅಲ್ಲವೋ, ಕಥೆ ಹಿಡಿದ ಹಾದಿ ಮಾತ್ರ ನೆಲದ ಮೇಲಿರುವ ಹಾದಿಯೇ.

ಈ ವಲಸೆ ಒಂದೇ ದಿನದಲ್ಲಿ ಆದದ್ದಲ್ಲ. ವಿಜಯನಗರದ ಪತನದ ಆಸುಪಾಸಿನ ದಶಕಗಳಲ್ಲಿ ಹಲವು ಗುಂಪುಗಳು ಹಲವು ಬಾರಿ ಬಂದಿರಬೇಕೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. 1603ರಲ್ಲಿ ಕೇರಳದ ಕಡೆಯಿಂದ ಬೆಟ್ಟ ಹತ್ತಿದ ಜೆಸ್ಯೂಟ್ ಪಾದ್ರಿ ಫಿನಿಸಿಯೊ ತೋಡರ ಜೊತೆಗೆ ಬಡಗರನ್ನೂ ಕಂಡು ಬರೆದಿದ್ದಾನೆ. ಆ ಹೊತ್ತಿಗೆ ಅವರು ಬೆಟ್ಟದ ಮೇಲೆ ನೆಲೆಯೂರಿದ್ದರು. ಬಡಗು ನುಡಿಯನ್ನು ಹಿಂದೆ ಕನ್ನಡದ ಉಪಭಾಷೆಯೆಂದು ಹೇಳುತ್ತಿದ್ದರು. ಇಂದು ಭಾಷಾವಿಜ್ಞಾನಿಗಳು ಅದನ್ನು ಕನ್ನಡಕ್ಕೆ ಅತ್ಯಂತ ಸಮೀಪವಾದ ಸ್ವತಂತ್ರ ಭಾಷೆಯೆಂದೇ ಪರಿಗಣಿಸುತ್ತಾರೆ. ಹಾಲು, ಹಟ್ಟಿ ಮೊದಲಾದ ಹಕಾರದ ರೂಪಗಳು ಅದರಲ್ಲಿವೆ. ಎಂದರೆ ಪಕಾರ ಹಕಾರವಾದ ಮೇಲೆಯೇ ಅದು ಬಯಲಿನ ಕನ್ನಡದಿಂದ ಬೇರೆಯಾಯಿತು. ಇನ್ನೊಂದು ಕಡೆ, ನಾಲಗೆಯನ್ನು ಮಡಿಸಿ ಉಚ್ಚರಿಸುವ ವಿಶಿಷ್ಟ ಸ್ವರಗಳು ಅದರಲ್ಲಿ ಇರುವುದನ್ನು ಎಮೆನೊ 1939ರಲ್ಲಿ ವಿವರಿಸಿದರು. ಇಂದಿನ ಕನ್ನಡದಲ್ಲಿ ಅಂಥ ಸ್ವರಗಳಿಲ್ಲ. ತಂಗಿಯ ಮನೆಯಲ್ಲಿ ಅಕ್ಕನ ಮನೆಯಲ್ಲಿಲ್ಲದ ಒಡವೆ ಕಂಡಂತೆ ಇದು. ಬಡಗರ ನುಡಿ ಬಡಗರದೇ. ಅದನ್ನು ನಮ್ಮದೆಂದು ಎಳೆದುಕೊಳ್ಳುವುದಕ್ಕಿಂತ, ನಮಗೆ ಅದರಿಂದ ಕಲಿಯುವುದು ಬಹಳಷ್ಟಿದೆ ಎಂದು ತಿಳಿಯುವುದು ಲೇಸು.

ಬಡಗರಿಗಿಂತ ಮುಂಚಿನಿಂದಲೂ ಈ ಕಾಡಿನಲ್ಲಿ ಬಾಳಿದವರು ಇರುಳರು, ಕುರುಂಬರು, ಜೇನುಕುರುಬರು ಅಥವಾ ಕಾಟ್ಟುನಾಯಕರು. ತಲಮಲೆಯ ಕಡೆ ಸೋಲಿಗರು ಮತ್ತು ಊರಾಳಿಗಳು. ಜೇನುಕುರುಬರ ಮಾತೂ ಸೋಲಿಗರ ಮಾತೂ ಕನ್ನಡದ ಬಳಗಕ್ಕೆ ಹತ್ತಿರವಾದವು. ತೆಪ್ಪಕಾಡಿನ ಆನೆಶಿಬಿರದ ಮಾವುತ ದಂಪತಿಯ ಬದುಕನ್ನು ತೋರಿಸಿದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಚಿತ್ರ 2023ರಲ್ಲಿ ಆಸ್ಕರ್ ಪಡೆದಾಗ ಲೋಕವೆಲ್ಲ ಈ ಕಾಡಿನ ಕಡೆ ತಿರುಗಿ ನೋಡಿತು. ಆ ದಂಪತಿ ಕಾಟ್ಟುನಾಯಕ ಸಮುದಾಯದವರು. ಅವರು ಬಾಳುವ ಶಿಬಿರ ಇರುವುದು ಮೋಯಾರಿನ ದಡದಲ್ಲಿ.

ಗಜಲಹಟ್ಟಿಯ ದಾರಿ

ಮೈಸೂರು ಪ್ರಸ್ಥಭೂಮಿಯಿಂದ ಕೊಯಮತ್ತೂರಿಗೆ ಇಳಿಯಲು ಹಳೆಯ ಕಾಲದಲ್ಲಿದ್ದ ಮುಖ್ಯ ಘಟ್ಟದಾರಿಗಳಲ್ಲಿ ಗಜಲಹಟ್ಟಿ ಒಂದು. ತಲಮಲೆಯ ಕಡೆಯಿಂದ ಮೋಯಾರಿನ ಕಣಿವೆಗೆ ಇಳಿದು, ದಣಾಯಕನ ಕೋಟೆಯ ಮೂಲಕ ಸತ್ಯಮಂಗಲಕ್ಕೆ ಹೋಗುವ ದಾರಿಯದು. ಹದಿನೆಂಟನೆಯ ಶತಮಾನದಲ್ಲಿ ಮೈಸೂರಿನ ಸೇನೆಗಳು ಇದನ್ನು ಮತ್ತೆ ಮತ್ತೆ ಬಳಸಿದವು. ಮೂರನೆಯ ಮೈಸೂರು ಯುದ್ಧದಲ್ಲಿ ಜನರಲ್ ಮೆಡೋಸ್ ಕೊಯಮತ್ತೂರನ್ನು ಹಿಡಿದು, ಕರ್ನಲ್ ಫ್ಲಾಯ್ಡ್‌ನನ್ನು ಸತ್ಯಮಂಗಲದಲ್ಲಿ ನಿಲ್ಲಿಸಿದ್ದ. ಈ ಘಟ್ಟವನ್ನೇ ಏರಿ ಮೈಸೂರಿಗೆ ನುಗ್ಗುವುದು ಅವರ ಯೋಜನೆ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಅದೇ ಘಟ್ಟವನ್ನು ಅವರಿಗಿಂತ ಮೊದಲೇ ಇಳಿದ. ಸತ್ಯಮಂಗಲದ ಬಳಿ ನಡೆದ ಕಾಳಗದಲ್ಲಿ ಫ್ಲಾಯ್ಡ್‌ನ ಪಡೆ ನಷ್ಟ ಅನುಭವಿಸಿ ಹಿಮ್ಮೆಟ್ಟಬೇಕಾಯಿತು. ಮೈಸೂರಿಗೆ ಈ ದಾರಿಯಲ್ಲಿ ದಂಡೆತ್ತಿ ಹೋಗುವ ಕಂಪನಿಯ ಯೋಜನೆ ಅಲ್ಲಿಗೆ ಮುರಿದುಬಿತ್ತು. ಕಂದಕವೆಂದು ಅವರು ಕರೆದ ಕಣಿವೆ ಟಿಪ್ಪುವಿಗೆ ಬಾಗಿಲಾಗಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಮೈಸೂರು ರಾಜ್ಯವನ್ನು ಹಂಚಿಕೊಂಡಾಗ ಕೊಯಮತ್ತೂರು ಸೀಮೆ, ಅದರೊಂದಿಗೆ ದಣಾಯಕನ ಕೋಟೆ ಮತ್ತು ಅದಕ್ಕೆ ಸೇರಿದ ನೀಲಗಿರಿ, ಕಂಪನಿಯ ಪಾಲಾದವು. ಉತ್ತರದ ಬಯಲು ಒಡೆಯರಿಗೆ ಉಳಿಯಿತು. ಮೋಯಾರು ಎರಡು ಸರ್ಕಾರಗಳ ನಡುವಿನ ಎಲ್ಲೆಯಾದದ್ದು ಆಗ. ಇದನ್ನು ನಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 1956ರಲ್ಲಿ ಭಾಷಾವಾರು ಪ್ರಾಂತಗಳು ರಚನೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಬಂತು. ತಾಳವಾಡಿ ಮತ್ತು ನೀಲಗಿರಿ ಮದರಾಸಿನಲ್ಲೇ ಉಳಿದವು. ಕಣಿವೆಯ ಮೇಲಿನ ಗೆರೆ ಮಾತ್ರ ಹಿಂದೆ ಇದ್ದಲ್ಲೇ ನಿಂತಿತು. ಭಾಷೆಯ ಎಲ್ಲೆಯೆಂದು ಇಂದು ನಾವು ತಿಳಿಯುವ ಈ ಗೆರೆ ಮೂಲತಃ ಒಂದು ಯುದ್ಧದ ಲೆಕ್ಕ ಚುಕ್ತಾ ಮಾಡಿದಾಗ ಎಳೆದ ಗೆರೆ. ಅದನ್ನು ಎಳೆದವರು ಇಲ್ಲಿಯ ಜನ ಯಾವ ಮಾತನ್ನಾಡುತ್ತಾರೆಂದು ಕೇಳಿರಲಿಲ್ಲ.

ಯುದ್ಧ ಮುಗಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ತನ್ನ ಪ್ರಸಿದ್ಧ ಪ್ರಯಾಣದಲ್ಲಿ ದಣಾಯಕನ ಕೋಟೆಗೆ ಬಂದ. ಅಲ್ಲಿಂದ ಬೆಟ್ಟದ ಇಳಿಜಾರಿನ ಅರಕೋಡಿನವರೆಗೆ ಹತ್ತಿ, ಇರುಳರನ್ನೂ ಅವರ ಬೇಸಾಯವನ್ನೂ ಕಂಡು ಬರೆದ. 1812ರಲ್ಲಿ ಸರ್ವೆಗಾಗಿ ನೀಲಗಿರಿಯನ್ನು ಹತ್ತಿದ ವಿಲಿಯಂ ಕೀಸ್ ಹೊರಟದ್ದೂ ದಣಾಯಕನ ಕೋಟೆಯ ಕಡೆಯಿಂದ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಮೇಲಕ್ಕೆ ಬಂದ ನಂತರ ಎಲ್ಲವೂ ಬದಲಾಯಿತು. ಉದಕಮಂಡಲ ಬೆಳೆಯಿತು. ಹೊಸ ರಸ್ತೆಗಳು ಕೂನೂರಿನ ಕಡೆಯಿಂದಲೂ ಗೂಡಲೂರಿನ ಕಡೆಯಿಂದಲೂ ಸೀಗೂರಿನ ಘಟ್ಟದಲ್ಲೂ ಹತ್ತಿದವು. ಬೆಟ್ಟದ ಆಡಳಿತ ಬೆಟ್ಟದ ಮೇಲಕ್ಕೇ ಹೋಯಿತು. ಗಜಲಹಟ್ಟಿಯ ದಾರಿಯಲ್ಲಿ ಹುಲ್ಲು ಬೆಳೆಯಿತು, ದಣಾಯಕನ ಕೋಟೆ ಒಂದು ಸಾಧಾರಣ ಹಳ್ಳಿಯಾಯಿತು.

ಮುಳುಗಿದ ಕೋಟೆ, ಬೆಳಗಿದ ದೀಪ

ಇಪ್ಪತ್ತನೆಯ ಶತಮಾನ ಈ ನದಿಯನ್ನು ಎರಡು ರೀತಿಯಲ್ಲಿ ಬಳಸಿಕೊಂಡಿತು. ಮೊದಲನೆಯದು ವಿದ್ಯುತ್ತಿಗಾಗಿ. ಪೈಕಾರದ ನೀರನ್ನು ಕೊಳವೆಗಳಲ್ಲಿ ಬೆಟ್ಟದ ಮೇಲಿನಿಂದ ಸೀಗೂರು ಪ್ರಸ್ಥಭೂಮಿಯ ಸಿಂಗಾರಕ್ಕೆ ಇಳಿಸಿ 1932ರಲ್ಲಿ ಆರಂಭಿಸಿದ ಕೇಂದ್ರ ಮದರಾಸು ಪ್ರಾಂತದ ಮೊದಲ ದೊಡ್ಡ ಜಲವಿದ್ಯುತ್ ಯೋಜನೆ. ಅಲ್ಲಿಂದ ಹೊರಬಂದ ನೀರನ್ನೇ ಮರವಕಂಡಿಯಲ್ಲಿ ಹಿಡಿದು, ಕಮರಿಯ ತಳಕ್ಕೆ ಮತ್ತೊಮ್ಮೆ ಬೀಳಿಸಿ, 1952ರಲ್ಲಿ ಮೋಯಾರು ವಿದ್ಯುದಾಗಾರ ಕೆಲಸ ಪ್ರಾರಂಭಿಸಿತು. ಕೊಯಮತ್ತೂರಿನ ಗಿರಣಿಗಳು ಬೆಳೆದದ್ದರಲ್ಲಿ ಈ ನೀರಿನ ಪಾಲು ದೊಡ್ಡದು.

ಎರಡನೆಯದು ನೀರಾವರಿಗಾಗಿ. 1948ರಿಂದ 1955ರವರೆಗೆ ಕಟ್ಟಿದ ಭವಾನಿಸಾಗರ ಅಣೆಕಟ್ಟು ಎಂಟು ಕಿಲೋಮೀಟರಿಗೂ ಉದ್ದದ ಮಣ್ಣಿನ ಏರಿ. ಭವಾನಿ ಮತ್ತು ಮೋಯಾರು ಎರಡೂ ಅದರ ಹಿಂದೆ ನಿಂತವು. ಈರೋಡು ಸೀಮೆಯ ಎರಡು ಲಕ್ಷ ಎಕರೆಗೂ ಹೆಚ್ಚು ಭೂಮಿಗೆ ನೀರು ಹರಿಯಿತು. ಆ ನೀರಿನ ಕೆಳಗೆ ದಣಾಯಕನ ಕೋಟೆ ಮುಳುಗಿತು. ಪೂಜೆಯ ಮೂರ್ತಿಗಳನ್ನು ಮೊದಲೇ ಸಾಗಿಸಿದ್ದರು. ಕಟ್ಟಡಗಳು ಅಲ್ಲೇ ಉಳಿದವು. ಮಳೆ ಕೈಕೊಟ್ಟು ಜಲಾಶಯ ತೀರ ಇಳಿದ ವರ್ಷಗಳಲ್ಲಿ ಮಾಧವ ಪೆರುಮಾಳ್ ದೇಗುಲದ ಕಲ್ಲಿನ ಮೈ ಕೆಸರಿನಿಂದ ಮೇಲೆದ್ದು ಕಾಣುತ್ತದೆ. ಆಗ ಸುತ್ತಣ ಊರುಗಳಿಂದ ಜನ ನೋಡಲು ಬರುತ್ತಾರೆ. ರೈತರ ಪಾಲಿಗೆ ಬರಗಾಲವಾದದ್ದು ಚರಿತ್ರೆಯ ಪಾಲಿಗೆ ದರ್ಶನದ ಕಾಲ. ಈ ಅಣೆಕಟ್ಟನ್ನು ಕಟ್ಟಬಾರದಿತ್ತೆಂದು ಹೇಳುವ ಮಾತಲ್ಲ ಇದು. ಹಲವು ತಲೆಮಾರುಗಳ ಅನ್ನ ಆ ನೀರಿನಿಂದ ಬಂದಿದೆ. ಆದರೆ ಕನ್ನಡ ದಂಡನಾಯಕರ ಹೆಸರು ಹೊತ್ತ ಕೋಟೆಯೊಂದು ಅಲ್ಲಿತ್ತೆಂಬ ಸಂಗತಿ ನೀರಿನೊಂದಿಗೆ ನಮ್ಮ ನೆನಪಿನಿಂದಲೂ ಇಳಿದುಹೋಗಬೇಕಾಗಿರಲಿಲ್ಲ.

ಹುಲಿ, ಹದ್ದು, ಹಳ್ಳಿ

ಜ್ವರದ ಭಯದಿಂದ ಜನ ದೂರವಿದ್ದ ಕಣಿವೆಯನ್ನು ಕಾಡು ಕಾಪಾಡಿಕೊಂಡಿತು. ಮುದುಮಲೆ 1940ರಲ್ಲಿ ಅಭಯಾರಣ್ಯವಾಯಿತು. ಮರುವರ್ಷ ನದಿಯಾಚೆ ಮೈಸೂರು ಸಂಸ್ಥಾನ ವೇಣುಗೋಪಾಲ ವನ್ಯಮೃಗ ಉದ್ಯಾನವನ್ನು ಸ್ಥಾಪಿಸಿತು. ದಂಡನಾಯಕರ ಗೋಪಾಲಸ್ವಾಮಿಯ ಹೆಸರೇ ಆ ಉದ್ಯಾನಕ್ಕೂ ಬಂತು. 1973ರಲ್ಲಿ ಬಂಡೀಪುರ, 2007ರಲ್ಲಿ ಮುದುಮಲೆ, 2013ರಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶಗಳಾದವು. ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ಮೂರನ್ನೂ ಜೋಡಿಸುವ ನೀರು ಮೋಯಾರು. ಪೂರ್ವಘಟ್ಟದಿಂದ ಪಶ್ಚಿಮಘಟ್ಟಕ್ಕೆ ಆನೆಗಳು ನಡೆಯುವ ದಾರಿ ಸೀಗೂರು ಪ್ರಸ್ಥಭೂಮಿಯ ಮೇಲೆ ಹಾಯುತ್ತದೆ. ಆ ದಾರಿಗೆ ಅಡ್ಡವಾಗಿ ಎದ್ದ ವಸತಿಗೃಹಗಳ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಆನೆಗಳ ದಾರಿಯನ್ನು ಎತ್ತಿಹಿಡಿಯಿತು. ಸಿರಿಯೂರು, ಜಗಳಿಕಡವುಗಳ ಹೊಳೆಮತ್ತಿ ಮರಗಳಲ್ಲಿ ಬಿಳಿಬೆನ್ನಿನ ರಣಹದ್ದುಗಳು ಇಂದಿಗೂ ಗೂಡು ಕಟ್ಟುತ್ತವೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದಿನಿಂದ ದೇಶದ ರಣಹದ್ದುಗಳೆಲ್ಲ ಸತ್ತುಹೋಗುತ್ತಿದ್ದಾಗ, 2006ರಲ್ಲಿ ಆ ಮದ್ದನ್ನು ಪಶುಚಿಕಿತ್ಸೆಯಲ್ಲಿ ನಿಷೇಧಿಸಲಾಯಿತು. ದಕ್ಷಿಣ ಭಾರತದಲ್ಲಿ ಅವುಗಳು ಉಳಿದುಕೊಂಡ ಕೆಲವೇ ನೆಲೆಗಳಲ್ಲಿ ಈ ಕಣಿವೆ ಮುಖ್ಯವಾದದ್ದು.

ಇದೇ ಕಣಿವೆಯ ತಳದಲ್ಲಿ ತೆಂಗುಮರಹಾಡ ಇದೆ. ಸ್ವಾತಂತ್ರ್ಯದ ಹೊತ್ತಿನಲ್ಲಿ ಅನ್ನದ ಅಭಾವ ತೀವ್ರವಾಗಿತ್ತು. ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಸರ್ಕಾರದ ಕರೆಯ ಕಾಲದಲ್ಲಿ, 1948ರ ಸುಮಾರಿಗೆ, ಸಹಕಾರಿ ಬೇಸಾಯ ಸಂಘವೊಂದು ಇಲ್ಲಿ ಸುಮಾರು 500 ಎಕರೆ ಅರಣ್ಯಭೂಮಿಯನ್ನು ಗೇಣಿಗೆ ಪಡೆದು ಗದ್ದೆ ಮಾಡಿತು. ಬೆಟ್ಟದ ಮೇಲಿನಿಂದ ಬಡಗರೂ ಇತರರೂ ಇಳಿದು ಬಂದರು. ಇರುಳರು ಮೊದಲೇ ಇದ್ದರು. ಬತ್ತ, ಅರಿಸಿನ, ಬಾಳೆ, ಮೆಣಸಿನಕಾಯಿ ಬೆಳೆಯಿತು. ಊರು ಇರುವುದು ನೀಲಗಿರಿ ಜಿಲ್ಲೆಯ ಕೋತಗಿರಿ ತಾಲ್ಲೂಕಿನಲ್ಲಿ; ಆದರೆ ಅಲ್ಲಿಗೆ ಹೋಗಬೇಕಾದರೆ ಬೆಟ್ಟ ಇಳಿದು, ಈರೋಡು ಜಿಲ್ಲೆಯ ಭವಾನಿಸಾಗರವನ್ನು ಸುತ್ತಿ, ಕಾಡಿನ ದಾರಿಯಲ್ಲಿ ಬಂದು, ಕೊನೆಗೆ ಮೋಯಾರನ್ನು ಹರಿಗೋಲಿನಲ್ಲಿ ದಾಟಬೇಕು. ಹೊಳೆ ತುಂಬಿದ ದಿನ ಶಾಲೆಗೂ ಆಸ್ಪತ್ರೆಗೂ ದಾರಿಯಿಲ್ಲ.

ಈಗ ಆ ಊರನ್ನು ಖಾಲಿ ಮಾಡುವ ಮಾತು ನಡೆದಿದೆ. ಹುಲಿಗಳ ನೆಲೆಯ ನಡುವೆ ಇರುವ ಕಾರಣ, ಕುಟುಂಬಕ್ಕೆ 15 ಲಕ್ಷ ರೂಪಾಯಿಗಳಂತೆ ಪರಿಹಾರ ಕೊಟ್ಟು ಸುಮಾರು 500 ಕುಟುಂಬಗಳನ್ನು ಸ್ಥಳಾಂತರಿಸುವ ವಿಷಯದಲ್ಲಿ ಮದರಾಸು ಹೈಕೋರ್ಟ್ 2023ರಲ್ಲಿ ಆದೇಶ ನೀಡಿತು. ಇದರಲ್ಲಿ ಸುಲಭದ ತೀರ್ಪು ಸಾಧ್ಯವಿಲ್ಲ. ಆನೆಗೂ ಹುಲಿಗೂ ರಣಹದ್ದಿಗೂ ಈ ಕಣಿವೆಯಂಥ ನೆಲೆ ಬೇರೆಡೆ ಸಿಗುವುದಿಲ್ಲ. ಸ್ಥಳಾಂತರದಿಂದ ಮಕ್ಕಳಿಗೆ ಶಾಲೆ, ಬಸುರಿಯರಿಗೆ ಆಸ್ಪತ್ರೆ ಹತ್ತಿರವಾಗುವುದಾದರೆ ಅದೂ ಸಣ್ಣ ಲಾಭವಲ್ಲ. ಹಾಗೆಂದು, ಸರ್ಕಾರದ ಕರೆಗೇ ಬಂದು ನೆಲ ಹಸನುಮಾಡಿದವರ ಮೂರನೆಯ ತಲೆಮಾರಿಗೆ ಆ ನೆಲ ಬರಿಯ ಗೇಣಿ ಜಮೀನಲ್ಲ. ಕಾಡನ್ನೇ ಮನೆಯಾಗಿಸಿಕೊಂಡ ಇರುಳರ ಪ್ರಶ್ನೆ ಇನ್ನೂ ಬೇರೆ. ಹಣದ ಮೊತ್ತ ಒಂದೇ ಇದ್ದರೂ ಕಳೆದುಕೊಳ್ಳುವುದು ಎಲ್ಲರಿಗೂ ಒಂದೇ ಅಲ್ಲ.

ನಮ್ಮ ಪಾಲಿನ ಕೆಲಸ

ಒಂದು ಊರು ಎದ್ದುಹೋದರೆ ಮನೆಗಳ ಲೆಕ್ಕ ಸರ್ಕಾರದಲ್ಲಿ ಉಳಿಯುತ್ತದೆ, ಮರಗಳ ಲೆಕ್ಕ ಅರಣ್ಯ ಇಲಾಖೆಯಲ್ಲಿ ಉಳಿಯುತ್ತದೆ. ಹೆಸರುಗಳ ಲೆಕ್ಕವನ್ನು ಯಾರೂ ಬರೆದುಕೊಳ್ಳುವುದಿಲ್ಲ. ಯಾವ ಕಡವಿಗೆ ಏನೆನ್ನುತ್ತಿದ್ದರು, ಯಾವ ಬಂಡೆಯ ಬಳಿ ಪೂಜೆ ನಡೆಯುತ್ತಿತ್ತು, ದನದ ಹಟ್ಟಿ ಮೊದಲು ಎಲ್ಲಿತ್ತು, ಹೊಳೆ ಏರುವುದನ್ನು ಯಾವ ಕಲ್ಲಿನಿಂದ ಅಳೆಯುತ್ತಿದ್ದರು, ಇವೆಲ್ಲ ಬಾಯಿಯಿಂದ ಬಾಯಿಗೆ ಬಂದ ಸಂಗತಿಗಳು. ದಣಾಯಕನ ಕೋಟೆ ಮುಳುಗುವ ಮೊದಲು ಅಲ್ಲಿಯ ಹಿರಿಯರ ಬಾಯಿಂದ ಇಂಥ ವಿವರಗಳನ್ನು ಕೂಡಿಡುವ ಕೆಲಸ ನಡೆದಿದ್ದರೆ ನಮ್ಮ ಚರಿತ್ರೆ ಇಂದು ಎಷ್ಟು ತುಂಬಿಕೊಂಡಿರುತ್ತಿತ್ತು!

ಗಡಿನಾಡ ಕನ್ನಡ ಸಂಘಗಳು ಶಾಲೆ, ಬೋರ್ಡು, ಪರೀಕ್ಷೆಗಳ ಹಕ್ಕಿಗಾಗಿ ದುಡಿದಿವೆ, ದುಡಿಯುತ್ತಲೇ ಇವೆ. ಆ ಕೆಲಸದ ಜೊತೆಗೆ ಇನ್ನೊಂದು ಸಣ್ಣ ಕೆಲಸವನ್ನೂ ಕೈಗೆತ್ತಿಕೊಳ್ಳಬಹುದು. ಸೀಗೂರಿನಿಂದ ತೆಂಗುಮರಹಾಡ, ಹಳ್ಳಿಮೋಯಾರುಗಳವರೆಗೆ, ಆಚೆ ತಲಮಲೆಯಿಂದ ಗಜಲಹಟ್ಟಿಯವರೆಗೆ, ಊರೂರಿನ ಹಿರಿಯರ ಬಳಿ ಕುಳಿತು ಹೆಸರುಗಳನ್ನು ಬರೆದುಕೊಳ್ಳುವುದು. ಬಡಗರು ಬಡಗಿನಲ್ಲಿ, ಇರುಳರು ತಮ್ಮ ನುಡಿಯಲ್ಲಿ, ಸೋಲಿಗರು ತಮ್ಮ ಮಾತಿನಲ್ಲಿ, ತಮಿಳರು ತಮಿಳಿನಲ್ಲಿ ಹೇಳಿದಂತೆಯೇ ದಾಖಲಿಸುವುದು. ನಮ್ಮ ಕಾಲೇಜುಗಳಲ್ಲಿ ಓದುವ ಮಕ್ಕಳಿಗೆ ಒಂದು ಬೇಸಗೆ ರಜೆ ಸಾಕು. ತಾತ ಅಜ್ಜಿಯರು ಆ ಕಡೆಯವರಾಗಿದ್ದರೆ ಕೆಲಸ ಮನೆಯಿಂದಲೇ ಆರಂಭವಾಗಬಹುದು. ಅರಣ್ಯದೊಳಗೆ ಕಾಲಿಡಲು ಅನುಮತಿ ಬೇಕು. ನೆನಪಿನೊಳಗೆ ಹೋಗಲು ಹಿರಿಯರೊಬ್ಬರು ಬದುಕಿದ್ದರೆ ಸಾಕು. ಅಂಥವರು ಇನ್ನೂ ಇದ್ದಾರೆ, ಬಹಳ ಮಂದಿ ಉಳಿದಿಲ್ಲ.